1924ರ ಹೊಳೆ ಮತ್ತು ಹಿಮನಾಡಿನ ಮಳೆ

ಕೆನಡಾದ ಕ್ಯಾಲ್ಗರಿಯಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ವಾರ ದೂರವಾಣಿಯಲ್ಲಿ ಕೇಳಿದ: "ಸಾರ್, ಹೆಚ್ಚು ಸುರಿದರೆ ಹೊಳೆ ಉಕ್ಕುತ್ತದೆ ಎಂದು ಕಲಿಸಿದಿರಿ. ಇಲ್ಲಿ ಚಳಿಗಾಲದಲ್ಲಿ ಎಷ್ಟು ಸುರಿದರೂ ಹೊಳೆ ಕದಲುವುದಿಲ್ಲವಲ್ಲ!" ಪಾಠ ತಪ್ಪಾಗಿರಲಿಲ್ಲ, ಅರ್ಧವಾಗಿತ್ತು. ಕೊಳ್ಳೇಗಾಲದ ಮೇಷ್ಟರಿಗೆ ಹಿಮದ ಅನುಭವ ಎಲ್ಲಿಂದ ಬರಬೇಕು?

ನನಗೆ ಗೊತ್ತಿದ್ದುದು 1924ರ ಜುಲೈ ಕಥೆ. ಆಗ ಕೊಳ್ಳೇಗಾಲವು ಇಂದಿನ ಹನೂರನ್ನೂ ಒಳಗೊಂಡು ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಪಕ್ಕದ ಯಳಂದೂರು ಮೈಸೂರಿನದು, ಪೂರ್ಣಯ್ಯನವರ ವಂಶದ ಜಹಗೀರು. ಆ ವರ್ಷ ಫೆಬ್ರವರಿ 18ರಂದು ಮೈಸೂರು, ಮದರಾಸುಗಳು ಕಾವೇರಿ ನೀರಿನ ಒಪ್ಪಂದಕ್ಕೆ ಸಹಿ ಹಾಕಿದ್ದವು. ಐದು ತಿಂಗಳಲ್ಲಿ ಹೊಳೆಯು ಇಬ್ಬರೂ ಸಾಕೆನ್ನುವಷ್ಟು ಕೊಟ್ಟಿತು! ಪಶ್ಚಿಮಘಟ್ಟದ ಮೇಲೆ ದಿನಗಟ್ಟಲೆ ಸುರಿದ ಆ ಮಳೆಯನ್ನು ಕೇರಳದವರು ಕೊಲ್ಲಂ ವರ್ಷ 1099ರ ಲೆಕ್ಕದಲ್ಲಿ ಇಂದಿಗೂ '99ರ ಪ್ರವಾಹ' ಎನ್ನುತ್ತಾರೆ. ಕೊಡಗಿನ ನೀರು ಕಾವೇರಿಯಲ್ಲಿ, ವಯನಾಡಿನ ನೀರು ಕಪಿಲೆಯಲ್ಲಿ ಬಂದು ತಿರುಮಕೂಡಲಿನಲ್ಲಿ ಕೂಡಿದವು. ಕನ್ನಂಬಾಡಿ ಕಟ್ಟೆ ಪೂರ್ಣಗೊಂಡಿರಲಿಲ್ಲ. ಕಬಿನಿಗೆ ಕಟ್ಟೆಯೇ ಇರಲಿಲ್ಲ. ಹೊಳೆದಡದಲ್ಲಿ ಹುಟ್ಟಿ ಬೆಳೆದ ನನ್ನಜ್ಜಿ ಹೇಳುತ್ತಿದ್ದರು: "ನಮ್ಮೂರಲ್ಲಿ ಬಿಸಿಲಿತ್ತು ಕಣಪ್ಪ, ನೀರು ಮಾತ್ರ ಬಾಗಿಲಿಗೆ ಬಂತು."

ಹಿಮನಾಡಿನಲ್ಲಿ ಇಂಥ ಅಂತರ ದಿನಗಳದ್ದಲ್ಲ, ತಿಂಗಳುಗಳದ್ದು. ಚಳಿಗಾಲದಲ್ಲಿ ಬಿದ್ದದ್ದು ಹಿಮವಾಗಿ ಬೆಟ್ಟದ ಮೇಲೆಯೇ ಕೂರುತ್ತದೆ. ವಸಂತದಲ್ಲಿ ಕರಗಿ ಹೊಳೆಗಿಳಿಯುತ್ತದೆ. ಒಣ ಹಿಮವು ಸ್ವಲ್ಪ ಮಳೆಯನ್ನು ಹೀರಿಕೊಳ್ಳಲೂ ಬಲ್ಲದು. ಆದರೆ ಕರಗುವ ಹಂತದ ಹಿಮದ ಮೇಲೆ ಬೆಚ್ಚಗಿನ ಬಿರುಮಳೆ ಸುರಿದರೆ ಮಳೆನೀರು, ಹಿಮನೀರು ಒಟ್ಟಿಗೆ ಇಳಿಯುತ್ತವೆ. ಕೆಳಗಿನ ನೆಲ ಹೆಪ್ಪುಗಟ್ಟಿದ್ದರೆ ಇಂಗುವುದಕ್ಕೂ ಎಡೆಯಿಲ್ಲ. 2013ರ ಜೂನ್ 16-17ರಂದು ಕೇದಾರನಾಥದಲ್ಲಿ ಅತಿವೃಷ್ಟಿಗೆ ಹಿಮನೀರು ಸೇರಿತು, ಮೇಲಿನ ಚೋರಾಬಾರಿ ಸರೋವರ ಒಡೆಯಿತು. ಸಾವಿರಾರು ಜನ ಮಡಿದರು. ಅದೇ ವಾರ, ನನ್ನ ಶಿಷ್ಯ ಅಲ್ಲಿಗೆ ಹೋಗುವ ಮೊದಲು, ರಾಕಿ ಪರ್ವತಗಳಲ್ಲಿ ಉಳಿದಿದ್ದ ಹಿಮದ ಮೇಲೆ ಮಳೆ ಸುರಿದು ಬೋ, ಎಲ್ಬೋ ನದಿಗಳು ಕ್ಯಾಲ್ಗರಿಯನ್ನು ಹೊಕ್ಕಿದ್ದವು. ಇದನ್ನು ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಾದ.

ನಮಗೆ ಹಿಮವಿಲ್ಲ, ಕಟ್ಟೆಗಳಿವೆ. ಅವೂ ನೀರನ್ನು ಹಿಡಿದು ತಡೆದು ಬಿಡುತ್ತವೆ. ತುಂಬಿದ ಮೇಲೆ ಬಂದದ್ದನ್ನು ಬಿಡಲೇಬೇಕು. 2018ರಲ್ಲಿ ಹಾಗೆ ಬಂದ ನೀರಿಗೆ ಶಿವನಸಮುದ್ರದ ಹಳೆಯ ವೆಸ್ಲಿ ಸೇತುವೆಯ ಒಂದು ಭಾಗ ಕುಸಿಯಿತು. 2019ರ ಆಗಸ್ಟ್‌ನಲ್ಲಿ ದಾಸನಪುರ, ಹಳೇ ಹಂಪಾಪುರಗಳಿಗೆ ಮತ್ತೆ ನೀರು ನುಗ್ಗಿತು. ಯಳಂದೂರಿನ ಸುವರ್ಣಾವತಿಯ ಗಡಿಯಾರವೇ ಬೇರೆ. ಅದಕ್ಕೆ ಹಿಂಗಾರಿನ ಮಳೆಯೂ ಬೇಕು. ಆ ಕಥೆ ಇನ್ನೊಮ್ಮೆ.