ಬಿದ್ದ ಮನೆ, ಬರಬೇಕಾದ ಹಣ



ಸೋಲಾಪುರ, ಅಕ್ಕಲಕೋಟೆ ಕಡೆಯ ಹಿರಿಯರು 1993ರ ಸೆಪ್ಟೆಂಬರ್ 30ರ ನಸುಕನ್ನು ಮರೆತಿರಲಾರರು. ನಾಲ್ಕು ಗಂಟೆ ಹೊಡೆಯಲು ಇನ್ನೂ ಕೆಲವು ನಿಮಿಷಗಳಿದ್ದಾಗ ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತ ಭೂಮಿ ನಡುಗಿತು. ಕಲ್ಲು ಮಣ್ಣಿನ ದಪ್ಪ ಗೋಡೆಗಳೂ ಅವುಗಳ ಮೇಲಿನ ಭಾರವಾದ ಮಾಳಿಗೆಯೂ ಮಲಗಿದ್ದವರ ಮೇಲೆ ಕುಸಿದವು. ಸಾವಿರಾರು ಜನ ಸತ್ತರು. 52 ಹಳ್ಳಿಗಳನ್ನು ಬೇರೆ ಜಾಗದಲ್ಲಿ ಹೊಸದಾಗಿ ಕಟ್ಟಬೇಕಾಯಿತು. ಆ ಕೆಲಸ ನಡೆದದ್ದು ಸರ್ಕಾರದ ಹಣ, ವಿಶ್ವಬ್ಯಾಂಕಿನ ಸಾಲ ಮತ್ತು ದಾನಿಗಳ ನೆರವಿನಿಂದ.

ನೆರವು ಕೊಡುವವರ ಮನಸ್ಸಿಗೆ ಬಿಟ್ಟದ್ದು. ವಿಮೆ ಹಾಗಲ್ಲ, ಅದು ಕರಾರು. ಕಂತು ಕಟ್ಟಿದವನು ಹಣ ಕೇಳುವುದು ಹಕ್ಕಿನಿಂದ. ಹಾಗಿದ್ದರೂ ಕ್ಲೇಮು ಹಾಕಿ ಅಲೆದು ಚಪ್ಪಲಿ ಸವೆಯಿತು ಎನ್ನುವವರು ನಮ್ಮ ನಡುವೆ ಇದ್ದಾರೆ. ಈ ತಡ ಎಲ್ಲಿ ಹುಟ್ಟುತ್ತದೆ? ಮನೆ ವಿಮೆಯ ಇತಿಹಾಸವನ್ನು ನೋಡಿದರೆ ಅದರ ಬೇರು ಸಿಗುತ್ತದೆ.

1666ರ ಸೆಪ್ಟೆಂಬರಿನಲ್ಲಿ ಲಂಡನ್ ಪಟ್ಟಣದ ಒಂದು ಬೇಕರಿಯಲ್ಲಿ ಹೊತ್ತಿದ ಬೆಂಕಿ ಕೆಲವೇ ದಿನಗಳಲ್ಲಿ ಸುಮಾರು 13,000 ಮನೆಗಳನ್ನು ಸುಟ್ಟಿತು. ಆಗ ಮನೆಗೆ ವಿಮೆ ಎಂಬುದೇ ಇರಲಿಲ್ಲ. ಸುಟ್ಟ ಮನೆಯನ್ನು ಮತ್ತೆ ಕಟ್ಟುವ ಹೊರೆ ಮಾಲೀಕನದೋ, ಬಾಡಿಗೆದಾರನದೋ ಎಂಬ ಜಗಳ ತೀರಿಸಲು 1667ರಲ್ಲಿ ಪ್ರತ್ಯೇಕ ನ್ಯಾಯಾಲಯವನ್ನೇ ತೆರೆಯಬೇಕಾಯಿತು. ಮುಂದೆ ನಿಕೊಲಸ್ ಬಾರ್ಬನ್ ಎಂಬವನು 1680ರ ಸುಮಾರಿಗೆ ಬೆಂಕಿ ವಿಮೆಯ ಕಚೇರಿ ತೆರೆದ. ಇಟ್ಟಿಗೆ ಮನೆಗೆ ವರ್ಷದ ಬಾಡಿಗೆಯ ಶೇಕಡಾ ಎರಡೂವರೆ, ಮರದ ಮನೆಗೆ ಶೇಕಡಾ ಐದು ಕಂತು. ಗೋಡೆ ಯಾವುದರದು, ಮಾಡು ಯಾವುದರದು ಎಂದು ವಿಮೆಯವರು ಇಂದಿಗೂ ಕೇಳುವ ಪ್ರಶ್ನೆ ಅಷ್ಟು ಹಳೆಯದು.

ಇನ್ನೊಂದು ಪಾಠ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದ್ದು. 1906ರ ಏಪ್ರಿಲ್ 18ರಂದು ಅಲ್ಲಿ ಭೂಕಂಪವಾಯಿತು, ಅದರ ಬೆನ್ನಿಗೇ ಬೆಂಕಿ ಎದ್ದಿತು. ಬಹುಪಾಲು ಜನರ ಹತ್ತಿರ ಇದ್ದದ್ದು ಬೆಂಕಿಯ ವಿಮೆ, ಭೂಕಂಪದ್ದಲ್ಲ. ಮನೆ ಮೊದಲು ಬಿದ್ದು ಆಮೇಲೆ ಸುಟ್ಟಿತೋ, ನಿಂತಿದ್ದಾಗಲೇ ಸುಟ್ಟಿತೋ ಎಂಬ ವಾದ ಶುರುವಾಯಿತು. ಕೆಲವು ಕಂಪನಿಗಳು ಪೂರ್ತಿ ಕೊಟ್ಟವು, ಕೆಲವು ಚೌಕಾಶಿ ಮಾಡಿ ಕಡಿಮೆ ಕೊಟ್ಟವು, ಕೆಲವು ಕೋರ್ಟಿಗೆ ಹೋದವು. ಲಂಡನ್ನಿನಲ್ಲಿದ್ದ ಕತ್‌ಬರ್ಟ್ ಹೀತ್ ಎಂಬ ವಿಮಾದಾರ ಮಾತ್ರ ಷರತ್ತು ನೋಡದೆ ತನ್ನವರಿಗೆಲ್ಲ ಪೂರ್ತಿ ಹಣ ಕೊಡಿ ಎಂದು ತಂತಿ ಕಳಿಸಿ ಹೆಸರಾದ. ಆ ಬೆಂಕಿಯಲ್ಲಿ ನಗರದ ಆಸ್ತಿ ದಾಖಲೆಗಳೂ ಬೂದಿಯಾದವು. ಮನೆ ನನ್ನದೇ ಎಂದು ನ್ಯಾಯಾಲಯದಲ್ಲಿ ಹೊಸದಾಗಿ ಸಾಬೀತು ಮಾಡಲು ಅದೇ ವರ್ಷ ಬೇರೆ ಕಾನೂನು ತರಬೇಕಾಯಿತು.

ಇಲ್ಲಿಗೆ ಮೂರು ಪ್ರಶ್ನೆಗಳಾದವು. ಮನೆ ಯಾರದು? ಹೋದದ್ದು ಎಷ್ಟು? ಹೋದದ್ದು ಯಾವುದರಿಂದ? ಈ ಮೂರಕ್ಕೆ ಉತ್ತರ ಸಿಗುವ ತನಕ ಹಣ ಹೊರಡುವುದಿಲ್ಲ. ಉತ್ತರ ಹುಡುಕುವ ಮೊದಲ ಮನುಷ್ಯ ಸರ್ವೇಯರ್.

ನಮ್ಮ ದೇಶದಲ್ಲಿ 1938ರಲ್ಲಿ ವಿಮಾ ಕಾಯಿದೆ ಬಂತು. 1973ರ ಆರಂಭದಲ್ಲಿ 107 ಸಾಮಾನ್ಯ ವಿಮಾ ಸಂಸ್ಥೆಗಳು ರಾಷ್ಟ್ರೀಕರಣವಾಗಿ ನಾಲ್ಕು ಸರ್ಕಾರಿ ಕಂಪನಿಗಳಾದವು. 1999ರ ಕಾಯಿದೆಯಿಂದ ನಿಯಂತ್ರಣ ಪ್ರಾಧಿಕಾರ ಬಂತು, ಖಾಸಗಿಯವರಿಗೂ ಬಾಗಿಲು ತೆರೆಯಿತು. ಈ ಪ್ರಾಧಿಕಾರ 2002ರಲ್ಲಿ ಕ್ಲೇಮಿಗೆ ಗಡಿಯಾರ ಕಟ್ಟಿತು. ಸುದ್ದಿ ಮುಟ್ಟಿದ 72 ಗಂಟೆಯೊಳಗೆ ಸರ್ವೇಯರ್ ನೇಮಕ, ಸಾಮಾನ್ಯವಾಗಿ 30 ದಿನದಲ್ಲಿ ಅವರ ವರದಿ, ಮತ್ತೆ 30 ದಿನದಲ್ಲಿ ಕಂಪನಿಯ ತೀರ್ಮಾನ, ಒಪ್ಪಿಗೆ ಕೊಟ್ಟ ಏಳು ದಿನದಲ್ಲಿ ಹಣ. ಎಲ್ಲ ಕೂಡಿದರೆ ಎರಡು ತಿಂಗಳ ಮೇಲಾಗುತ್ತಿತ್ತು. 2024ರ ಜೂನ್ ತಿಂಗಳ ಸುತ್ತೋಲೆ ಇದನ್ನು ಬಿಗಿ ಮಾಡಿತು. 24 ಗಂಟೆಯಲ್ಲಿ ಸರ್ವೇಯರ್, 15 ದಿನದಲ್ಲಿ ವರದಿ, ವರದಿ ಬಂದ ಏಳು ದಿನದಲ್ಲಿ ತೀರ್ಮಾನ. ಕ್ಲೇಮಿಗೆ ನೇರ ಸಂಬಂಧವಿಲ್ಲದ ಕಾಗದ ಕೇಳಬಾರದು ಎಂದೂ ಅದು ಹೇಳಿತು. ಇದಕ್ಕೂ ಮೊದಲೇ, 2021ರ ಏಪ್ರಿಲ್ 1ರಿಂದ, ಬೆಂಕಿ, ಸಿಡಿಲು, ಭೂಕಂಪ, ನೆರೆ, ಭೂಕುಸಿತಗಳನ್ನು ಒಂದೇ ಪಾಲಿಸಿಯಲ್ಲಿ ಸೇರಿಸಿದ ‘ಭಾರತ್ ಗೃಹ ರಕ್ಷಾ’ ಜಾರಿಗೆ ಬಂದಿತ್ತು. ಸ್ಯಾನ್ ಫ್ರಾನ್ಸಿಸ್ಕೊದ ‘ಬಿದ್ದದ್ದೋ, ಸುಟ್ಟದ್ದೋ’ ಎಂಬ ಜಗಳ ಇದರಿಂದ ಬಹಳ ಮಟ್ಟಿಗೆ ತೀರಿತು.

ಆದರೆ ‘ಮನೆ ಯಾರದು’ ಎಂಬ ಪ್ರಶ್ನೆ ಉಳಿದೇ ಇದೆ. ಗಡಿನಾಡಿನ ನಮಗೆ ಅದು ಬೇರೆಯವರಿಗಿಂತ ತುಸು ಹೆಚ್ಚೇ ತೊಡಕಿನದು. ಮನೆಯ ಪತ್ರದಲ್ಲಿ ಹೆಸರು ಮರಾಠಿಯಲ್ಲೋ, ಮಲಯಾಳದಲ್ಲೋ, ತಮಿಳು, ತೆಲುಗಿನಲ್ಲೋ ಇರುತ್ತದೆ. ಶಾಲೆಯ ಸರ್ಟಿಫಿಕೇಟಿನಲ್ಲಿ ಕನ್ನಡ, ಪಾಲಿಸಿಯಲ್ಲಿ ಇಂಗ್ಲಿಷ್. ಒಬ್ಬನೇ ಮನುಷ್ಯ ಮೂರು ಕಾಗದದಲ್ಲಿ ಮೂರು ಜನವಾಗಿ ಕಾಣುತ್ತಾನೆ. ಮನೆ ತೀರಿಹೋದ ಅಜ್ಜನ ಹೆಸರಿನಲ್ಲೇ ಉಳಿದಿರುವುದೂ ಉಂಟು. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳ ಮೇಲೆ ಗುಡ್ಡ ಜರಿದಾಗ ಮನೆಗಳ ಜೊತೆ ಕಾಗದಗಳೂ ಹೋದವು. ಅವನ್ನು ಮತ್ತೆ ಮಾಡಿಕೊಡಲು ಅಲ್ಲಿ ವಿಶೇಷ ಶಿಬಿರಗಳನ್ನು ನಡೆಸಬೇಕಾಯಿತು.

ಆದುದರಿಂದ ಮನೆ ಗಟ್ಟಿಯಾಗಿ ನಿಂತಿರುವಾಗಲೇ ಈ ಕೆಲಸ ಮಾಡಿ. ತಲಾಠಿಯಲ್ಲಿಗೋ, ವಿಲೇಜ್ ಆಫೀಸಿಗೋ ಹೋಗಿ ಮನೆಯ ಹಕ್ಕು ಯಾರ ಹೆಸರಿನಲ್ಲಿದೆ ನೋಡಿ. ಹೆಸರಿನ ಅಕ್ಷರಗಳು ಎಲ್ಲ ಕಡೆ ಹೊಂದುವಂತೆ ತಿದ್ದಿಸಿ. ಪಾಲಿಸಿ ಮಾಡಿಸುವಾಗ ಗೋಡೆ, ಮಾಡಿನ ವಿಷಯ ಇದ್ದದ್ದು ಇದ್ದಂತೆ ಹೇಳಿ. ಪತ್ರಗಳ ಒಂದು ಪ್ರತಿ ಬೇರೆ ಊರಿನ ನೆಂಟರ ಮನೆಯಲ್ಲಿರಲಿ. ಅನಾಹುತವಾದರೆ ಅದೇ ದಿನ ಕಂಪನಿಗೆ ತಿಳಿಸಿ, ಕ್ಲೇಮು ನಂಬರು ಬರೆದುಕೊಳ್ಳಿ. ಬೆಂಕಿಯಾದರೆ ಅಗ್ನಿಶಾಮಕ ದಳದ ವರದಿ ಪಡೆಯಿರಿ. ಫೋಟೊ ತೆಗೆಯದೆ, ಸರ್ವೇಯರ್ ನೋಡದೆ ಅವಶೇಷ ಸಾಗಿಸಬೇಡಿ. ಉಳಿದ ಸಾಮಾನನ್ನು ಮಾತ್ರ ಮಳೆಗೆ ಸಿಗದಂತೆ ಇಡಿ. ಕೊಟ್ಟ ಪ್ರತಿ ಕಾಗದಕ್ಕೂ ಸ್ವೀಕೃತಿ ಕೇಳಿ.

ಅವಧಿ ಮೀರಿತೇ? ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. 30 ದಿನ ಕಳೆದರೂ ಉತ್ತರ ಬಾರದಿದ್ದರೆ, ಬಂದ ಉತ್ತರ ಸರಿಯೆನಿಸದಿದ್ದರೆ ವಿಮಾ ಒಂಬುಡ್ಸ್‌ಮನ್‌ಗೆ ಬರೆಯಿರಿ. ಅಲ್ಲಿ ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ. ಆದರೆ ಒಂದು ವರ್ಷದೊಳಗೆ ಹೋಗಬೇಕು.

ಕಾನೂನಿನ ಗಡಿಯಾರ ಓಡತೊಡಗುವುದು ನೀವು ಸುದ್ದಿ ಮುಟ್ಟಿಸಿದ ಮೇಲೆ. ಆದರೆ ಅಜ್ಜನ ಹೆಸರಿನಲ್ಲಿರುವ ಪತ್ರಕ್ಕೆ ಯಾವ ಗಡಿಯಾರವೂ ಇಲ್ಲ. ಇಂದು ರಾತ್ರಿ ಊಟವಾದ ಮೇಲೆ ಆ ಹಳೆಯ ಟ್ರಂಕನ್ನು ಒಮ್ಮೆ ತೆರೆದು ನೋಡಿ.