ಗ್ರಂಥಾಲಯ ಕರ: ನಾವು ತೆರುವ ಹಣ, ನಮಗೆ ಸಲ್ಲಬೇಕಾದ ಪುಸ್ತಕ

ಬೆಸೆಂಟ್ ನಗರದಲ್ಲಿ ಸ್ವಂತ ಮನೆ ಮಾಡಿಕೊಂಡಿರುವ ನಾವು ಆರು ತಿಂಗಳಿಗೊಮ್ಮೆ ಆಸ್ತಿ ತೆರಿಗೆ ಸಲ್ಲಿಸುತ್ತೇವೆ. ಅದರೊಡನೆ ಗ್ರಂಥಾಲಯ ಕರವನ್ನೂ ತೆರುತ್ತಿದ್ದೇವೆಂಬುದನ್ನು ಗಮನಿಸಿದವರು ವಿರಳ. ಗ್ರಂಥಾಲಯಗಳಿಗೆ ಹಣದ ಕೊರತೆಯೆಂಬ ಮಾತು ಬಂದಾಗ ಈ ವಿಷಯವನ್ನು ತಿಳಿದಿರುವುದು ಒಳಿತು.

ಕಾಯಿದೆಯ ಹಿನ್ನೆಲೆ

ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಗ್ರಂಥಾಲಯ ಕಾಯಿದೆ ರೂಪುಗೊಂಡದ್ದು 1948ರಲ್ಲಿ, ಇದೇ ಮದರಾಸಿನಲ್ಲಿ. ಅದರ ಪ್ರೇರಕರು ಡಾ. ಎಸ್. ಆರ್. ರಂಗನಾಥನ್ (1892-1972). ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಗಣಿತ ಬೋಧಿಸಿದ್ದ ಅವರು 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲರಾದರು. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು. ದಕ್ಷಿಣ ಕನ್ನಡ, ಬಳ್ಳಾರಿ ಜಿಲ್ಲೆಗಳು ಆಗ ಮದರಾಸು ಪ್ರಾಂತ್ಯದಲ್ಲಿದ್ದುದರಿಂದ ಕನ್ನಡ ನಾಡಿನ ಒಂದು ಭಾಗವೂ ಈ ಕಾಯಿದೆಯ ವ್ಯಾಪ್ತಿಗೆ ಬಂದಿತು. ಮೈಸೂರು ರಾಜ್ಯದಲ್ಲಿ ಇಂತಹ ಕಾಯಿದೆಯಾದದ್ದು 1965ರಲ್ಲಿ. ಇಂದು ಆಸ್ತಿ ತೆರಿಗೆಯ ಮೇಲಿನ ಈ ಕರ ತಮಿಳುನಾಡಿನಲ್ಲಿ ಶೇಕಡಾ 10, ಕರ್ನಾಟಕದಲ್ಲಿ ಶೇಕಡಾ 6.

ಕೊರತೆ ಎಲ್ಲಿ?

ಸರ್ಕಾರದ ವಾರ್ಷಿಕ ಕೃಪೆಯನ್ನೇ ನೆಚ್ಚದೆ ಗ್ರಂಥಾಲಯಗಳಿಗೆ ಸ್ಥಿರವಾದ ಆದಾಯವಿರಬೇಕೆಂಬುದೇ ಕರದ ಉದ್ದೇಶ. ಆದರೆ ಅದನ್ನು ವಸೂಲು ಮಾಡುವುದು ನಗರಪಾಲಿಕೆ. ಬಳಸಬೇಕಾದುದು ಗ್ರಂಥಾಲಯ ಇಲಾಖೆ. ಬೆಂಗಳೂರಿನಲ್ಲಿ ಪಾಲಿಕೆಯಿಂದ ಇಲಾಖೆಗೆ ಸಲ್ಲಬೇಕಾದ ಬಾಕಿ ನೂರಾರು ಕೋಟಿ ರೂಪಾಯಿಗಳಿಗೆ ಏರಿದ್ದುದು ಪದೇ ಪದೇ ಸುದ್ದಿಯಾಗಿದೆ. ನಾಗರಿಕರು ತೆತ್ತ ಹಣ ಮತ್ತೊಂದು ಖಾತೆಯಲ್ಲಿ ಉಳಿದರೆ, ಅದು ಹೆಸರಿಲ್ಲದ ಕಡಿತವೇ ಸರಿ.

ಪರಿಣಾಮಗಳು

ಸಂಬಳ, ಬಾಡಿಗೆ, ವಿದ್ಯುತ್ತಿನ ವೆಚ್ಚವನ್ನು ತಡೆಹಿಡಿಯಲಾಗದು. ಆದುದರಿಂದ ಕತ್ತರಿ ಮೊದಲು ಬೀಳುವುದು ಪುಸ್ತಕ, ಪತ್ರಿಕೆಗಳ ಮೇಲೆ. ಬಳಿಕ ತೆರವಾದ ಹುದ್ದೆಗಳು ಹಾಗೆಯೇ ಉಳಿಯುತ್ತವೆ. ಕರ್ನಾಟಕದಲ್ಲಿ ಇಲಾಖೆಯ ಸಗಟು ಖರೀದಿ ತಡವಾದಾಗ ಸಣ್ಣ ಪ್ರಕಾಶಕರೂ ಹೊಸ ಲೇಖಕರೂ ಸೊರಗುತ್ತಾರೆ. ಬ್ರಿಟನ್ನಿನಲ್ಲಿ 2010ರ ನಂತರದ ಮಿತವ್ಯಯ ನೀತಿಯಿಂದ ನೂರಾರು ಗ್ರಂಥಾಲಯಗಳು ಮುಚ್ಚಿದವು.

ಚೆನ್ನೈನ ಕನ್ನಡಿಗರಿಗೆ ಇದರಲ್ಲಿ ಇನ್ನೊಂದು ಚಿಂತೆಯಿದೆ. 1896ರಲ್ಲಿ ಆರಂಭವಾದ ಎಗ್ಮೋರಿನ ಕನ್ನೆಮರಾ ಗ್ರಂಥಾಲಯಕ್ಕೆ 1954ರ ಕಾನೂನಿನಂತೆ ದೇಶದ ಪ್ರತಿಯೊಂದು ಪ್ರಕಟಣೆಯ ಒಂದು ಪ್ರತಿ ಸಲ್ಲಬೇಕು. ಕನ್ನಡ ಪುಸ್ತಕಗಳೂ ಅದರಲ್ಲಿ ಸೇರಿವೆ. ಆದರೆ ಪುಸ್ತಕ ಬಂದರಷ್ಟೇ ಸಾಲದು. ಕನ್ನಡ ಬಲ್ಲ ಸಿಬ್ಬಂದಿ ಇಲ್ಲದಿದ್ದರೆ ಅದನ್ನು ಸೂಚಿಗೆ ಸೇರಿಸಿ ಓದುಗನ ಕೈಗೆ ಕೊಡುವವರಾರು?

ನಾವು ಮಾಡಬಹುದಾದುದು

2010ರಲ್ಲಿ ತೆರೆದ ಕೋಟೂರುಪುರದ ಅಣ್ಣಾ ಶತಮಾನೋತ್ಸವ ಗ್ರಂಥಾಲಯವನ್ನು ಮರುವರ್ಷವೇ ಮಕ್ಕಳ ಆಸ್ಪತ್ರೆಯಾಗಿ ಮಾರ್ಪಡಿಸಲು ಅಂದಿನ ಸರ್ಕಾರ ನಿರ್ಧರಿಸಿತ್ತು. ನಾಗರಿಕರು ನ್ಯಾಯಾಲಯದ ಮೊರೆಹೊಕ್ಕರು, ಉಚ್ಚ ನ್ಯಾಯಾಲಯ ತಡೆಯಾಜ್ಞೆ ನೀಡಿತು, ಗ್ರಂಥಾಲಯ ಉಳಿಯಿತು. ಓದುಗರು ಕೇಳಿದರೆ ಫಲವುಂಟೆಂಬುದಕ್ಕೆ ಇದೇ ಸಾಕ್ಷಿ. ವಸೂಲಾದ ಕರವೆಷ್ಟು, ವರ್ಗಾವಣೆಯಾದುದೆಷ್ಟು ಎಂದು 2005ರ ಮಾಹಿತಿ ಹಕ್ಕು ಕಾಯಿದೆಯಡಿ ಯಾರು ಬೇಕಾದರೂ ಪ್ರಶ್ನಿಸಬಹುದು. ಮನೆಮಂದಿಯೆಲ್ಲ ಸಮೀಪದ ಶಾಖೆಯ ಸದಸ್ಯರಾಗಿ, ಬೇಕಾದ ಕನ್ನಡ ಪುಸ್ತಕಗಳ ಪಟ್ಟಿಯನ್ನು ಲಿಖಿತವಾಗಿ ಸಲ್ಲಿಸಬಹುದು. ಕೇಳುವವರಿಲ್ಲದ ಕಪಾಟೇ ಮೊದಲು ಬರಿದಾಗುತ್ತದೆ.