ಮುಳುಗಿತು, ಮುಳುಗ್ಯದ: ಕೊಲ್ಹಾರ ಮತ್ತು ಇಂಗ್ಲಿಷಿನ ಎರಡು ಭೂತಕಾಲ

ಕೊಲ್ಹಾರ ಅಂದ ಕೂಡಲೇ ಬಹಳ ಮಂದಿಗೆ ನೆನಪಾಗುವುದು ಗಡಿಗೆಯ ಗಟ್ಟಿ ಮೊಸರು. ವಿಜಯಪುರದಿಂದ ಬಾಗಲಕೋಟೆಗೆ ಹೋಗುವಾಗ ಕೃಷ್ಣೆಯ ಸೇತುವೆಗಿಂತ ಮೊದಲು ಸಿಗುವ ಊರು. ಹಿಂದೆ ಬಸವನ ಬಾಗೇವಾಡಿ ತಾಲೂಕಿನಲ್ಲಿತ್ತು, 2018ರಿಂದ ತಾನೇ ಒಂದು ತಾಲೂಕು. ನನಗೆ ಮಾತ್ರ ಈ ಊರಿನ ಹೆಸರು ಕೇಳಿದಾಗೆಲ್ಲ ನೆನಪಾಗುವುದು ಇಂಗ್ಲಿಷ್ ವ್ಯಾಕರಣ! ನಗಬೇಡಿ, ಕಾರಣ ಇದೆ :)

ಈ ಎರಡು ವಾಕ್ಯ ನೋಡಿ.

ಐ ಲಿವ್ಡ್ ಇನ್ ಕೊಲ್ಹಾರ ಫಾರ್ ಫಾರ್ಟಿ ಇಯರ್ಸ್.
ಐ ಹ್ಯಾವ್ ಲಿವ್ಡ್ ಇನ್ ಕೊಲ್ಹಾರ ಫಾರ್ ಫಾರ್ಟಿ ಇಯರ್ಸ್.

ಮೊದಲನೆಯದು ಸಿಂಪಲ್ ಪಾಸ್ಟ್. ನಲವತ್ತು ವರ್ಷ ಇದ್ದೆ, ಈಗ ಇಲ್ಲ. ಎರಡನೆಯದು ಪ್ರೆಸೆಂಟ್ ಪರ್ಫೆಕ್ಟ್. ನಲವತ್ತು ವರ್ಷದಿಂದ ಇದ್ದೇನೆ, ಈಗಲೂ ಇಲ್ಲೇ. ಶಾಲೆಯಲ್ಲಿ ಇಷ್ಟು ಹೇಳಿ ಮುಂದಿನ ಪಾಠಕ್ಕೆ ಹೋಗುತ್ತಾರೆ. ಆದರೆ ಹಳೇ ಕೊಲ್ಹಾರದಲ್ಲಿ ಹುಟ್ಟಿ ಬೆಳೆದು, ಆಲಮಟ್ಟಿ ಹಿನ್ನೀರು ಬಂದಾಗ ಹೊಸ ಕೊಲ್ಹಾರಕ್ಕೆ ಬಂದವರು ಯಾವ ವಾಕ್ಯ ಹೇಳಬೇಕು? ಊರಿನ ಹೆಸರು ಅದೇ, ಮಂದಿ ಅವರೇ, ಮೊಸರೂ ಅದೇ. ನೆಲ ಮಾತ್ರ ನೀರಿನ ಕೆಳಗೆ. ಅವರ ಮಟ್ಟಿಗೆ ಎರಡೂ ವಾಕ್ಯ ಖರೆ.

ಈ ಎರಡು ರೂಪಗಳು ಎಲ್ಲಿಂದ ಬಂದವು ಎಂದು ಸ್ವಲ್ಪ ಹಿಂದಕ್ಕೆ ಹೋಗೋಣ. ಹಳೆಯ ಇಂಗ್ಲಿಷಿನಲ್ಲಿ 'ಹ್ಯಾವ್' ಅಂದರೆ ಬರೀ 'ನನ್ನ ಹತ್ತಿರ ಇದೆ' ಎಂದು. ಮೀನು ಹಿಡಿದವನು 'ಹಿಡಿದ ಮೀನು ನನ್ನ ಹತ್ತಿರ ಇದೆ' ಅನ್ನುತ್ತಿದ್ದ. ನಿಧಾನಕ್ಕೆ 'ಹತ್ತಿರ ಇದೆ' ಅನ್ನುವ ಅರ್ಥ ಸವೆದು 'ಮೀನು ಹಿಡಿದಿದ್ದೇನೆ' ಅನ್ನುವುದು ಉಳಿಯಿತು. ಅಂದರೆ ಪ್ರೆಸೆಂಟ್ ಪರ್ಫೆಕ್ಟಿನ ಬೇರು ಒಡೆತನದಲ್ಲಿದೆ. ಆದದ್ದು ಆಗಿಹೋಗಿದೆ, ಆದರೆ ಅದರ ಫಲ ಈಗಲೂ ಕೈಯಲ್ಲಿದೆ.

ನಮ್ಮ ಕನ್ನಡದ ದಾರಿ ಬೇರೆ. ನಾವು 'ಹೊಂದು' ಹಿಡಿಯಲಿಲ್ಲ, 'ಇರು' ಹಿಡಿದೆವು. ಬಂದು + ಇದ್ದಾನೆ = ಬಂದಿದ್ದಾನೆ. ಬಂದವನು ಇನ್ನೂ ಇದ್ದಾನೆ. ನಮ್ಮ ಕಡೆ ಇದನ್ನೇ ಇನ್ನೂ ಅಡಕವಾಗಿ 'ಬಂದಾನ' ಅನ್ನುತ್ತೇವೆ. 'ಅಂವ ಬಂದ' ಬೇರೆ, 'ಅಂವ ಬಂದಾನ' ಬೇರೆ. ಊರು 'ಮುಳುಗಿತು' ಬೇರೆ, 'ಮುಳುಗ್ಯದ' ಬೇರೆ. ಹೊಳೆ ದಾಟಿ ಬಾಗಲಕೋಟೆ ಕಡೆ ಹೋದರೆ 'ಮುಳುಗೇತಿ'. ಇಂಗ್ಲಿಷ್ ಮೇಷ್ಟ್ರು ಬೋರ್ಡಿನ ಮೇಲೆ ಗೆರೆ ಎಳೆದು ವಿವರಿಸುವ ವ್ಯತ್ಯಾಸ ನಮ್ಮ ಅವ್ವಂದಿರ ಬಾಯಲ್ಲಿ ಮೊದಲೇ ಇತ್ತು.

ಹದಿಮೂರನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಹೇಳುವುದು ಭೂತ, ವರ್ತಮಾನ, ಭವಿಷ್ಯತ್ ಎಂಬ ಮೂರೇ ಕಾಲ. 1817ರಲ್ಲಿ ವಿಲಿಯಂ ಕೇರಿ ಶ್ರೀರಾಮಪುರದಲ್ಲಿ ಕನ್ನಡ ವ್ಯಾಕರಣ ಅಚ್ಚು ಹಾಕಿಸಿದ. 1903ರಲ್ಲಿ ಕಿಟೆಲ್ಲರ ವ್ಯಾಕರಣ ಮಂಗಳೂರಿನಲ್ಲಿ ಬಂತು. ಹೀಗೆ ಕನ್ನಡವನ್ನು ಇಂಗ್ಲಿಷಿನಲ್ಲಿ ವಿವರಿಸುವ ಕೆಲಸ ಶುರುವಾಯಿತು. ಇಂಗ್ಲಿಷನ್ನು ನಮಗೆ ಕಲಿಸುವ ಕೆಲಸದಲ್ಲಿ ದೊಡ್ಡ ಹೆಸರು ರೆನ್ ಅಂಡ್ ಮಾರ್ಟಿನ್. ಅದರ ರೆನ್ ಸಾಹೇಬ ಕೆಲಸ ಮಾಡಿದ್ದು ಮುಂಬಯಿ ಪ್ರಾಂತದ ಶಿಕ್ಷಣ ಇಲಾಖೆಯಲ್ಲಿ. ಆಗ ನಮ್ಮ ಬಿಜಾಪುರವೂ ಅದೇ ಪ್ರಾಂತದಲ್ಲಿತ್ತು, 1956ರವರೆಗೆ. 'ಬೋ ಜೆಸ್ಟ್' ಕಾದಂಬರಿ ಬರೆದವನೂ ಇವನೇ.

ಹಾಗಾದರೆ ಕನ್ನಡಿಗರಿಗೆ ಈ ಪಾಠ ಯಾಕೆ ಕಷ್ಟ? ನನಗೆ ಮೂರು ಕಾರಣ ಕಾಣುತ್ತವೆ.

ಒಂದು, ನಮ್ಮ 'ಇದ್ದಾನೆ' ನಿನ್ನೆ ಮೊನ್ನೆಗಳಿಗೆ ಹೆದರುವುದಿಲ್ಲ. 'ನಿನ್ನೆ ಪತ್ರ ಕಳಿಸಿದ್ದೇನೆ' ಚೊಕ್ಕ ಕನ್ನಡ. ಅದನ್ನೇ 'ಐ ಹ್ಯಾವ್ ಸೆಂಟ್ ಇಟ್ ಯೆಸ್ಟರ್ಡೆ' ಅಂದರೆ ತಪ್ಪು. ಮುಗಿದ ಕಾಲದ ಹೆಸರು ಬಂದರೆ ಇಂಗ್ಲಿಷಿನಲ್ಲಿ ಸಿಂಪಲ್ ಪಾಸ್ಟೇ ಬೇಕು. ಬಾಗೇವಾಡಿಯ ಬಸವಣ್ಣನವರು ಹನ್ನೆರಡನೇ ಶತಮಾನದಲ್ಲಿ ವಚನ 'ಬರೆದಿದ್ದಾರೆ' ಎಂದು ನಾವು ಸಲೀಸಾಗಿ ಹೇಳುತ್ತೇವೆ. ಇಂಗ್ಲಿಷಿನಲ್ಲಿ ಅದು 'ರೋಟ್' ಮಾತ್ರ.

ಎರಡು, 'ಹತ್ತು ವರ್ಷದಿಂದ ಇಲ್ಲೇ ಇದ್ದೇನೆ' ಅನ್ನುವಾಗ ನಮಗೆ ವರ್ತಮಾನ ಸಾಕು. ಆದ್ದರಿಂದ 'ಐ ಆಮ್ ಹಿಯರ್ ಸಿನ್ಸ್ ಟೆನ್ ಇಯರ್ಸ್' ಬಾಯಿಗೆ ಬರುತ್ತದೆ. ಅಲ್ಲಿ ಬೇಕಾದದ್ದು 'ಐ ಹ್ಯಾವ್ ಬೀನ್ ಹಿಯರ್ ಫಾರ್ ಟೆನ್ ಇಯರ್ಸ್'.

ಮೂರು, ನಮ್ಮ ಭೂತಕಾಲ ಬಹಳ ಉದಾರಿ. 'ಊಟ ಆತೇನ್ರಿ?' ಇದು ಭೂತಕಾಲ, ಆದರೆ ಬ್ರಿಟಿಷರು ಇಲ್ಲಿ ಪರ್ಫೆಕ್ಟ್ ಹಾಕುತ್ತಾರೆ. ಅಮೆರಿಕನ್ನರು ಅನೇಕ ಸಲ ನಮ್ಮ ಹಾಗೆ ಪಾಸ್ಟಿನಲ್ಲೇ ಕೇಳುತ್ತಾರೆ. ಇನ್ನು ಮನೆಯೊಳಗಿಂದ 'ಬಂದೆ, ಬಂದೆ' ಎಂದು ಕೂಗುವವರು ಇನ್ನೂ ಬಂದಿರುವುದೇ ಇಲ್ಲ :)

ಈ ಗೊಂದಲ ನಮಗಷ್ಟೇ ಅಲ್ಲ. 1660ರಲ್ಲಿ ಬಂದ ಫ್ರೆಂಚರ ಪೋರ್ಟ್ ರಾಯಲ್ ವ್ಯಾಕರಣದಲ್ಲಿ, ಕನಿಷ್ಠ ಒಂದು ದಿನ ಹಳೆಯದಾದ ಘಟನೆಗೆ ಮಾತ್ರ ಸರಳ ಭೂತ ಬಳಸಬೇಕು ಎಂಬ ನಿಯಮ ಇತ್ತು. ಇಂದು ಫ್ರೆಂಚರು ಮಾತಿನಲ್ಲಿ ಆ ಸರಳ ಭೂತವನ್ನೇ ಕೈಬಿಟ್ಟಿದ್ದಾರೆ. ಇಂಗ್ಲಿಷಿನ ವಿಷಯದಲ್ಲಿ ಒಳ್ಳೆಯ ಬೆಳಕು ಚೆಲ್ಲಿದವನು ಹಾನ್ಸ್ ರೈಶನ್‌ಬಾಖ್, 1947ರಲ್ಲಿ. ಮಾತಾಡುವ ಗಳಿಗೆ, ಘಟನೆಯ ಗಳಿಗೆ, ನಾವು ನಿಂತು ನೋಡುವ ಗಳಿಗೆ, ಹೀಗೆ ಮೂರು ಬಿಂದು ಇಟ್ಟುಕೊಳ್ಳಿ ಅಂದ. ಊರು ಮುಳುಗಿದ್ದು ಆಗ. ಆಗಲೇ ನಿಂತು ನೋಡಿದರೆ ಸಿಂಪಲ್ ಪಾಸ್ಟ್. ಈಗ ನಿಂತು ಅತ್ತ ನೋಡಿದರೆ ಪ್ರೆಸೆಂಟ್ ಪರ್ಫೆಕ್ಟ್. ಘಟನೆ ಒಂದೇ, ನಿಲ್ಲುವ ಜಾಗ ಬೇರೆ.

ಆಲಮಟ್ಟಿಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದರು. 2000ದಲ್ಲಿ ಸುಪ್ರೀಂ ಕೋರ್ಟು 519.6 ಮೀಟರ್ ಎತ್ತರಕ್ಕೆ ಒಪ್ಪಿತು. 2006ರಲ್ಲಿ ರಾಷ್ಟ್ರಪತಿ ಕಲಾಂ ಲೋಕಾರ್ಪಣೆ ಮಾಡಿದರು. ಇವೆಲ್ಲ ತಾರೀಖು ಇರುವ, ಮುಗಿದ ಸಂಗತಿಗಳು, ಸಿಂಪಲ್ ಪಾಸ್ಟಿಗೆ ಹೇಳಿಮಾಡಿಸಿದವು. ಆದರೆ ಸರಕಾರಿ ಕಾಗದದ ಕನ್ನಡ ನೋಡಿ: 'ಜಮೀನು ಮುಳುಗಡೆಯಾಗಿರುತ್ತದೆ', 'ಪರಿಹಾರ ಮಂಜೂರಾಗಿರುತ್ತದೆ'. ಆಡುಮಾತಿನಲ್ಲಿ 'ಆಗಿರುತ್ತದೆ' ಅಂದರೆ 'ಆಗಿರಬಹುದು' ಎಂಬ ಊಹೆ. ಕಚೇರಿಯಲ್ಲಿ ಅದೇ ಖಚಿತ ಮಾತು! ಮುಳುಗಡೆಯ ಮಂದಿ ಎರಡೂ ಅರ್ಥದಲ್ಲಿ ಓದಿದ್ದರೆ ಆಶ್ಚರ್ಯವಿಲ್ಲ. 2010ರಲ್ಲಿ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 524.256 ಮೀಟರಿಗೆ ಒಪ್ಪಿದ್ದರಿಂದ, ಇನ್ನೂ ಕೆಲವು ಊರುಗಳ ಕ್ರಿಯಾಪದ ಬದಲಾಗುವುದು ಬಾಕಿ ಇದೆ.

ಕೊನೆಗೊಂದು ಮಾತು. ಪ್ರದರ್ಶನ ನಡೆಯುತ್ತಿರುವಾಗ ಮಾತ್ರ 'ಹ್ಯಾವ್ ಯು ಸೀನ್ ಇಟ್' ಅನ್ನಬೇಕು, ಮುಗಿದ ಮೇಲೆ 'ಡಿಡ್ ಯು ಸೀ ಇಟ್' ಎಂದು ಇಂಗ್ಲಿಷ್ ವ್ಯಾಕರಣಕಾರರು ಹೇಳುತ್ತಾರೆ. ಇನ್ನೊಮ್ಮೆ ನೋಡಲು ಸಾಧ್ಯವಿಲ್ಲದ್ದಕ್ಕೆ ಪರ್ಫೆಕ್ಟ್ ಸಲ್ಲುವುದಿಲ್ಲ. ಆ ಲೆಕ್ಕದಲ್ಲಿ ಹಳೇ ಕೊಲ್ಹಾರದ ಬಗ್ಗೆ 'ಡಿಡ್ ಯು ಸೀ' ಎಂದೇ ಕೇಳಬೇಕು, ಬಾಗಿಲು ಮುಚ್ಚಿಬಿಟ್ಟಿದೆ. ಕನ್ನಡ ಅಷ್ಟು ಕಟುಕ ಅಲ್ಲ. 'ಹಳೇ ಕೊಲ್ಹಾರ ನೋಡೀರೇನ್ರಿ?' ಎಂದು ಇವತ್ತೂ ಕೇಳಬಹುದು. 'ನೋಡೇನ್ರಿ' ಅನ್ನುವವರು ಇರುವ ತನಕ ಆ ಊರಿಗೆ ವರ್ತಮಾನದಲ್ಲಿ ಒಂದು ಕಾಲು ಇದ್ದೇ ಇರುತ್ತದೆ.

ನಿಮ್ಮ ಕಡೆ 'ಬಂದಾನ'ಕ್ಕೆ ಏನಂತೀರಿ? ಮಂಗಳೂರು, ಮೈಸೂರು, ಕಲಬುರಗಿಯವರೆಲ್ಲ ಒಂದೊಂದು ಸಾಲು ಬರೆಯಿರಿ.